ಐದು ಪ್ಲೈ ರಟ್ಟಿನ ಡಬ್ಬ: ಅಳತೆ ಟೇಪಿನಿಂದ ಗೋದಾಮಿನ ಅಟ್ಟಿಯವರೆಗೆ

ಯಾವುದೇ ಗೋದಾಮಿಗೆ ಹೋಗಿ ಹಾಳಾದ ಡಬ್ಬಗಳನ್ನು ಆರಿಸಿ ನೋಡಿ. ಒಡೆದು ತೂತಾದವು ನಾಲ್ಕಾರು ಸಿಗಬಹುದು. ಉಳಿದವೆಲ್ಲ ಕುಸಿದವು: ಹೊಟ್ಟೆ ಮುಂದಕ್ಕೆ ಬಂದಿದೆ, ಕೆಳಮೂಲೆ ಮಡಚಿದೆ, ಮೇಲಿನ ಏಳು ಡಬ್ಬಗಳು ಒಂದು ಕಡೆ ವಾಲಿವೆ. ಆದರೂ ಆರ್ಡರ್ ಕೊಡುವವರು ಕೇಳುವುದು ಒಂದೇ ಮಾತು, "ಐದು ಪ್ಲೈ, 18 ಬಿಎಫ್, ಕೆಜಿಗೆ ಎಷ್ಟು?" ಪ್ಲೈ ಎಂದರೆ ಪೇಪರಿನ ಪದರ. ಬಿಎಫ್ ಎಂದರೆ ಬರ್ಸ್ಟ್ ಫ್ಯಾಕ್ಟರ್. ಪೇಪರ್ ಎಷ್ಟು ಒತ್ತಡಕ್ಕೆ ಒಡೆಯುತ್ತದೆ ಎಂದು ಅದು ಹೇಳುತ್ತದೆ. ಡಬ್ಬ ಎಷ್ಟು ಭಾರ ಹೊತ್ತು ನಿಲ್ಲುತ್ತದೆ ಎಂಬುದು ಬೇರೆ ಲೆಕ್ಕ. ಈ ಮಾರ್ಗದರ್ಶಿ ಆ ಎರಡನೇ ಲೆಕ್ಕ ಹಿಡಿದುಕೊಂಡೇ ಹೋಗುತ್ತದೆ.

ಉದಾಹರಣೆಗೆ ಒಂದು ಆರ್ಡರ್ ಇಟ್ಟುಕೊಳ್ಳೋಣ. ಮಂಡ್ಯ ಕಡೆಯ ಬೆಲ್ಲದ ಪುಡಿ, 1 ಕೆಜಿ ಪ್ಲಾಸ್ಟಿಕ್ ಪ್ಯಾಕೆಟ್ 12, ಅವನ್ನು ತುಂಬುವ ಹೊರಡಬ್ಬ 2000. ಮಾಡುವುದು ಪೀಣ್ಯದಲ್ಲಿ ಬೀದಿಗೊಂದರಂತೆ ಸಿಗುವ ಸೆಮಿ ಆಟೋಮ್ಯಾಟಿಕ್ ಘಟಕದಲ್ಲಿ. ಸಿಂಗಲ್ ಫೇಸರ್ (ಪೇಪರನ್ನು ಅಲೆಅಲೆಯಾಗಿ ಮಡಿಸಿ ಸಪಾಟಾದ ಪೇಪರಿಗೆ ಅಂಟಿಸುವುದು), ಶೀಟ್ ಪೇಸ್ಟಿಂಗ್ ಮೆಷಿನ್, ನಾಲ್ಕು ಬಾರ್ ರೋಟರಿ (ಅಂಚು ಕತ್ತರಿಸಿ ಮಡಿಕೆ ಗೆರೆ ಹಾಕುವುದು), ಫ್ಲೆಕ್ಸೋ ಪ್ರಿಂಟರ್, ಸ್ಲಾಟರ್ (ಫ್ಲ್ಯಾಪುಗಳ ನಡುವೆ ಸ್ಲಾಟ್, ಅಂದರೆ ಸೀಳು, ಕೊಯ್ಯುವುದು), ಸ್ಟಿಚ್ಚಿಂಗ್ ಮೆಷಿನ್ ಇದ್ದರೆ ಸಾಕು.

1. ಸರಕನ್ನು ಅಳೆಯಿರಿ, ಹಳೇ ಡಬ್ಬವನ್ನಲ್ಲ

ಗಿರಾಕಿ ತಂದುಕೊಟ್ಟ ಹಳೇ ಡಬ್ಬ ಬಿಚ್ಚಿ ಅಳತೆ ತೆಗೆದರೆ ಅದರಲ್ಲಿದ್ದ ತಪ್ಪೂ ಜೊತೆಗೇ ಬರುತ್ತದೆ. ತುಂಬಿದ 12 ಪ್ಯಾಕೆಟ್ ತರಿಸಿಕೊಳ್ಳಿ. ಈಗಷ್ಟೇ ಸೀಲ್ ಮಾಡಿದವು ಬೇಡ; ಒಳಗೆ ಗಾಳಿ ಇದ್ದು ಉಬ್ಬಿರುತ್ತವೆ. ಒಂದು ದಿನ ಕೂತ ಪ್ಯಾಕೆಟ್‌ಗಳನ್ನು ನೆಲದ ಮೇಲೆ ಉದ್ದಕ್ಕೆ 3, ಅಗಲಕ್ಕೆ 2, ಎತ್ತರಕ್ಕೆ 2ರಂತೆ ಜೋಡಿಸಿ, ನಾಲ್ಕೂ ಕಡೆ ಹಲಗೆ ಒತ್ತಿ ಹಿಡಿದು ಅಳೆಯಿರಿ. 125 × 95 × 110 ಮಿ.ಮೀ. ಪ್ಯಾಕೆಟ್ ಆದರೆ 375 × 190 × 220 ಬರುತ್ತದೆ. ಕೈ ಆಡಲು ಸ್ವಲ್ಪ ಜಾಗ ಬಿಟ್ಟರೆ ಡಬ್ಬದ ಒಳ ಅಳತೆ 380 × 200 × 225 ಮಿ.ಮೀ.

ಬರೆಯುವ ಕ್ರಮ ಯಾವಾಗಲೂ ಉದ್ದ, ಅಗಲ, ಎತ್ತರ. ಡಬ್ಬದ ಬಾಯಿಯ ದೊಡ್ಡ ಬದಿ ಉದ್ದ, ಸಣ್ಣ ಬದಿ ಅಗಲ, ಉಳಿದದ್ದು ಎತ್ತರ. 'ಒಳ ಅಳತೆ' ಎಂಬ ಪದ ಆರ್ಡರ್ ಕಾಗದದ ಮೇಲೆ ಬರಲೇಬೇಕು. ಐದು ಪ್ಲೈನಲ್ಲಿ ಒಳಗೂ ಹೊರಗೂ ಒಂದು ಬದಿಗೆ 12 ಮಿ.ಮೀ. ವ್ಯತ್ಯಾಸ ಬೀಳುತ್ತದೆ. ಅಷ್ಟರಲ್ಲಿ ಪ್ಯಾಕೆಟ್ ಹಿಡಿಸದೇ ಹೋಗಬಹುದು.

2. ಕೆಳಗಿನ ಡಬ್ಬ ಎಷ್ಟು ಹೊರಬೇಕು?

ಪೇಪರ್ ಆರಿಸುವ ಮೊದಲು ಈ ಲೆಕ್ಕ ಆಗಬೇಕು. ತುಂಬಿದ ಡಬ್ಬ ಸುಮಾರು 12.5 ಕೆಜಿ. ಗೋದಾಮಿನಲ್ಲಿ 8 ಎತ್ತರ ಅಟ್ಟಿ ಹಾಕುತ್ತಾರೆ ಎಂದರೆ ತಳದ ಡಬ್ಬದ ಮೇಲೆ 7 ಡಬ್ಬ, 87.5 ಕೆಜಿ. ಬಿಸ್ಕತ್ತು ಡಬ್ಬಿಯೋ ಗಾಜಿನ ಬಾಟಲಿಯೋ ಆಗಿದ್ದರೆ ಒಳಗಿನ ಸರಕೂ ಸ್ವಲ್ಪ ಭಾರ ಹೊರುತ್ತಿತ್ತು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಬೆಲ್ಲದ ಪುಡಿ ಏನನ್ನೂ ಹೊರುವುದಿಲ್ಲ. ಪೂರಾ ಭಾರ ರಟ್ಟಿನದೇ.

ಹಾಗೆಂದು 88 ಕೆಜಿ ತಡೆಯುವ ಡಬ್ಬ ಮಾಡಿದರೆ ಮೂರನೇ ದಿನ ಕುಸಿಯುತ್ತದೆ. ಲ್ಯಾಬಿನಲ್ಲಿ ಒಂದು ನಿಮಿಷ ಒತ್ತಿ ಅಳೆದ ಶಕ್ತಿ ತಿಂಗಳುಗಟ್ಟಲೆ ನಿಂತಾಗ ಇರುವುದಿಲ್ಲ. 30 ದಿನ ಭಾರ ಹೊತ್ತ ಡಬ್ಬದಲ್ಲಿ ಸುಮಾರು 60 ಶೇಕಡಾ ಶಕ್ತಿ ಉಳಿದರೆ ಹೆಚ್ಚು. ಗಾಳಿಯ ತೇವ 90 ಶೇಕಡಾ ಮುಟ್ಟಿದರೆ ಶಕ್ತಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಮಂಗಳೂರಿಗೋ ಶಿರಸಿಗೋ ಹೋಗುವ ಮಾಲಿಗೆ ಎರಡೂ ಏಟು ಒಟ್ಟಿಗೆ ಬೀಳುತ್ತವೆ. ಆದ್ದರಿಂದ 4 ಪಟ್ಟು ಇಟ್ಟುಕೊಳ್ಳಿ: 87.5 × 4 = 350 ಕೆಜಿ. ಬಯಲುಸೀಮೆಯಲ್ಲೇ ಒಂದು ವಾರದಲ್ಲಿ ಮಾರಿಹೋಗುವ ಮಾಲಾದರೆ 3 ಸಾಕು.

ಇದಕ್ಕೆ ಎಷ್ಟು ಗಟ್ಟಿ ಬೋರ್ಡ್ ಬೇಕು ಎಂದು ತಿಳಿಯಲು ಅಮೆರಿಕದ ಮೆಕ್ಕೀ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ:

ಡಬ್ಬದ ಶಕ್ತಿ (ಕೆಜಿ) = 5.87 × ಬೋರ್ಡಿನ ಇಸಿಟಿ (ಕೆಜಿ/ಸೆಂ.ಮೀ.) × √(ಸುತ್ತಳತೆ ಸೆಂ.ಮೀ. × ಬೋರ್ಡಿನ ದಪ್ಪ ಸೆಂ.ಮೀ.)

ಇಸಿಟಿ ಎಂದರೆ ಎಡ್ಜ್ ಕ್ರಷ್ ಟೆಸ್ಟ್. ಬೋರ್ಡಿನ ತುಂಡನ್ನು ಫ್ಲೂಟ್ (ನಡುವಿನ ಅಲೆಅಲೆಯಾದ ಪದರ) ನೆಟ್ಟಗಿರುವಂತೆ ನಿಲ್ಲಿಸಿ ಮೇಲಿಂದ ಒತ್ತಿದಾಗ ಒಂದು ಸೆಂ.ಮೀ. ಉದ್ದಕ್ಕೆ ಎಷ್ಟು ಕೆಜಿ ತಡೆಯುತ್ತದೆ ಎಂಬ ಅಂಕಿ. ನಮ್ಮ ಡಬ್ಬದ ಸುತ್ತಳತೆ 2 × (38 + 20) = 116 ಸೆಂ.ಮೀ. ನ್ಯಾರೋ, ಅಂದರೆ ಸಣ್ಣ ಅಲೆಯ, ಫ್ಲೂಟಿನ ಐದು ಪ್ಲೈ ದಪ್ಪ ಸುಮಾರು 0.6 ಸೆಂ.ಮೀ. 116 × 0.6ರ ವರ್ಗಮೂಲ 8.34. ಅಂದರೆ ಬೇಕಾದ ಇಸಿಟಿ 350 ÷ (5.87 × 8.34) = 7.15.

ಮೂರು ಪ್ಲೈ ಸಾಕೇ ಎಂದು ಗಿರಾಕಿ ಕೇಳೇ ಕೇಳುತ್ತಾರೆ. ದಪ್ಪ 0.3, ಇಸಿಟಿ 4.5 ಎಂದು ಹಾಕಿದರೆ ಶಕ್ತಿ ಸುಮಾರು 156 ಕೆಜಿ ಬರುತ್ತದೆ. 8ರ ಬದಲು 4 ಎತ್ತರ ಅಟ್ಟಿ ಹಾಕುವುದಾದರೆ ಮೂರು ಪ್ಲೈ ಕೊಡಿ. 8 ಎತ್ತರಕ್ಕೆ ಬೇಡವೇ ಬೇಡ. ಒಂದು ಎಚ್ಚರಿಕೆ: ಎತ್ತರ ತೀರಾ ಕಡಿಮೆ ಇರುವ, ಸೀರೆ ಡಬ್ಬದಂಥ ಆಕಾರಕ್ಕೆ ಈ ಸೂತ್ರ ಸರಿಹೊಂದದು. ಎತ್ತರ ಸುತ್ತಳತೆಯ ಏಳನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ನಮ್ಮದರಲ್ಲಿ 16.6 ಸೆಂ.ಮೀ. ಸಾಕಿತ್ತು, 22.5 ಇದೆ.

3. ಯಾವ ಪದರಕ್ಕೆ ಯಾವ ಪೇಪರ್

ಮೇಲಿನ ಮತ್ತು ಒಳಗಿನ ಲೈನರ್, ಅಂದರೆ ಸಪಾಟಾದ ಪದರ, 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) 22 ಬಿಎಫ್. ಎರಡು ಫ್ಲೂಟ್ ಮತ್ತು ನಡುವಿನ ಲೈನರ್ 120 ಜಿಎಸ್‌ಎಂ 18 ಬಿಎಫ್. ಇದರಿಂದ ಶುರು ಮಾಡಿ.

ಬರ್ಸ್ಟಿಂಗ್ ಲೆಕ್ಕವೂ ಬೇಕಾಗುತ್ತದೆ, ಯಾಕೆಂದರೆ ಪರ್ಚೇಸ್ ಆರ್ಡರಿನಲ್ಲಿ ಅದು ಇದ್ದೇ ಇರುತ್ತದೆ. ಜಿಎಸ್‌ಎಂ × ಬಿಎಫ್ ÷ 1000 ಮಾಡಿದರೆ ಆ ಪೇಪರಿನ ಬರ್ಸ್ಟಿಂಗ್ ಚದರ ಸೆಂ.ಮೀ.ಗೆ ಇಷ್ಟು ಕೆಜಿ ಎಂದು ಸಿಗುತ್ತದೆ. 150/22 ಪೇಪರಿಗೆ 3.3, ಎರಡಕ್ಕೆ 6.6. ನಡುವಿನ 120/18ಕ್ಕೆ 2.16. ಫ್ಲೂಟ್ ಪೇಪರಿಗೆ ಅರ್ಧ ಹಿಡಿಯುವುದು ರೂಢಿ. ಎರಡೂ ಸೇರಿ 2.16. ಒಟ್ಟು 10.9.

ಇಲ್ಲೇ ಒಂದು ಮೋಸ ಅಡಗಿದೆ. ಫ್ಲೂಟಿಗೆ ಅರ್ಧ ಲೆಕ್ಕ ತಾನೇ ಎಂದು ಕೆಲವರು ಅಲ್ಲಿ ಸಿಕ್ಕ ಅಗ್ಗದ ಪೇಪರ್ ತುರುಕಿ, ಹೊರಗೆ ಗಟ್ಟಿ ಲೈನರ್ ಹಾಕಿ ಬರ್ಸ್ಟಿಂಗ್ ಸರಿದೂಗಿಸುತ್ತಾರೆ. ರಿಪೋರ್ಟ್ ಪಾಸಾಗುತ್ತದೆ, ಡಬ್ಬ ಕುಸಿಯುತ್ತದೆ. ನಿಲ್ಲುವ ಶಕ್ತಿಯಲ್ಲಿ ಫ್ಲೂಟ್ ಪೇಪರಿಗೆ ಅರ್ಧ ಅಲ್ಲ, ಒಂದೂಕಾಲಿಗಿಂತ ಹೆಚ್ಚು ತೂಕ ಇದೆ. ಅಲೆಅಲೆಯಾಗಿ ಮಡಿಸುವುದರಿಂದ 1 ಮೀಟರ್ ಬೋರ್ಡಿನಲ್ಲಿ ಸುಮಾರು 1.35ರಿಂದ 1.4 ಮೀಟರ್ ಫ್ಲೂಟ್ ಪೇಪರ್ ಕೂತಿರುತ್ತದೆ. ಆದ್ದರಿಂದ ಪೇಪರ್ ಮಿಲ್ಲಿನವರ ಹತ್ತಿರ ಬಿಎಫ್ ಜೊತೆ ಆರ್‌ಸಿಟಿ, ಅಂದರೆ ರಿಂಗ್ ಕ್ರಷ್ (ಪೇಪರ್ ಪಟ್ಟಿಯನ್ನು ಉಂಗುರದಂತೆ ನಿಲ್ಲಿಸಿ ಮೇಲಿಂದ ಒತ್ತುವ ಪರೀಕ್ಷೆ) ಅಂಕಿಯನ್ನೂ ಕೇಳಿ. ಸ್ಯಾಂಪಲ್ ಬೋರ್ಡಿನ ಇಸಿಟಿ 7.15 ಮುಟ್ಟದಿದ್ದರೆ ಮೊದಲು ಫ್ಲೂಟ್ ಪೇಪರನ್ನು 140ಕ್ಕೆ ಏರಿಸಿ ನೋಡಿ.

ಫ್ಲೂಟ್ ಯಾವುದು? ನ್ಯಾರೋ ಅಂದರೆ ಬಿ ಫ್ಲೂಟ್ ಸುಮಾರು 2.5 ಮಿ.ಮೀ. ಎತ್ತರ, ಮೀಟರಿಗೆ 150ರ ಆಸುಪಾಸು. ಬ್ರಾಡ್ ಅಂದರೆ ಎ ಫ್ಲೂಟ್ ಸುಮಾರು 4.7 ಮಿ.ಮೀ., ಮೀಟರಿಗೆ 110ರ ಹತ್ತಿರ. ಬ್ರಾಡ್ ದಪ್ಪ ಬರುವುದರಿಂದ ಅಟ್ಟಿಗೆ ಒಳ್ಳೆಯದು. ಆದರೆ ಪ್ರಿಂಟಿಂಗ್ ಒರಟಾಗುತ್ತದೆ, ಬೆರಳೊತ್ತಿದರೂ ಬೇಗ ಜಜ್ಜಿಹೋಗುತ್ತದೆ. ಈ ಡಬ್ಬಕ್ಕೆ ನ್ಯಾರೋ ಎರಡು ಸಾಕು.

4. ಶೀಟ್ ಅಳತೆ, ಡೆಕ್ಕಲ್, ಎಷ್ಟು ಪೇಪರ್

ಮಡಿಸುವಾಗ ರಟ್ಟಿನ ದಪ್ಪ ಅಳತೆಯನ್ನು ತಿನ್ನುತ್ತದೆ. ಅದಕ್ಕೇ ಪ್ರತಿ ಪ್ಯಾನೆಲ್ಲಿಗೆ, ಅಂದರೆ ಡಬ್ಬದ ಪ್ರತಿ ಬದಿಗೆ, ಒಂದು ದಪ್ಪ (6 ಮಿ.ಮೀ.), ಎತ್ತರಕ್ಕೆ ಎರಡು ದಪ್ಪ (12 ಮಿ.ಮೀ.) ಸೇರಿಸಬೇಕು. ಕೊನೆಯ ಪ್ಯಾನೆಲ್ ಮಾತ್ರ 3 ಮಿ.ಮೀ. ಕಡಿಮೆ, ಇಲ್ಲದಿದ್ದರೆ ಮಡಿಸಿದಾಗ ಅದು ಹೊರಗೆ ಇಣುಕುತ್ತದೆ.

ಉದ್ದ: 386 + 206 + 386 + 203 + ಸ್ಟಿಚ್ಚಿಂಗ್ ಪಟ್ಟಿ 40 = 1221 ಮಿ.ಮೀ.
ಅಗಲ: ಫ್ಲ್ಯಾಪ್ 105 + ಎತ್ತರ 237 + ಫ್ಲ್ಯಾಪ್ 105 = 447 ಮಿ.ಮೀ.

ಫ್ಲೂಟ್ ಯಾವಾಗಲೂ ಡಬ್ಬದ ಎತ್ತರದ ಜೊತೆ ಹೋಗಬೇಕು, ಮನೆಯ ಕಂಬಗಳ ಹಾಗೆ. ಸಿಂಗಲ್ ಫೇಸರಿನಲ್ಲಿ ಫ್ಲೂಟ್ ರೀಲಿನ ಅಗಲಕ್ಕೆ ಅಡ್ಡಲಾಗಿ ಬೀಳುತ್ತದೆ. ಹಾಗಾಗಿ 447ರ ಬದಿ ರೀಲಿನ ಅಗಲದಲ್ಲಿ, ಅಂದರೆ ಡೆಕ್ಕಲ್‌ನಲ್ಲಿ ಬರಬೇಕು. ಪೇಪರ್ ಉಳಿಯಲಿ ಎಂದು ಶೀಟನ್ನು ತಿರುಗಿಸಿ ಹಾಕಿದರೆ ಕಂಬ ಮಲಗುತ್ತದೆ, ಅಟ್ಟಿಯೂ ಮಲಗುತ್ತದೆ.

ಒಂದರ ಪಕ್ಕ ಒಂದು, ಎರಡು ಡಬ್ಬ ತೆಗೆದರೆ 894 ಮಿ.ಮೀ. ಎರಡು ಅಂಚಿನಲ್ಲಿ 10 ಮಿ.ಮೀ. ಟ್ರಿಮ್ ಬಿಟ್ಟರೆ 914. ಅದು ಕರಾರುವಾಕ್ಕಾಗಿ 36 ಇಂಚಿನ ರೀಲ್. ಅಂಚಿನ ನಷ್ಟ 2.2 ಶೇಕಡಾ ಮಾತ್ರ. 36 ಇಲ್ಲವೆಂದು 38 ಇಂಚಿನ ರೀಲ್ ಹಾಕಿದರೆ ನಷ್ಟ 7 ಶೇಕಡಾ ದಾಟುತ್ತದೆ. ಇಡೀ ಆರ್ಡರಿನ ಲಾಭ ರದ್ದಿಗೆ ಹೋಗುತ್ತದೆ. ಇನ್ನು ಕಟಿಂಗ್ ಉದ್ದ 1240 ಮಿ.ಮೀ. ಇಟ್ಟುಕೊಳ್ಳಿ.

2000 ಡಬ್ಬಕ್ಕೆ 1000 ಶೀಟ್, 1240 ಮೀಟರ್. 150 ಜಿಎಸ್‌ಎಂ ಲೈನರ್ ಎರಡಕ್ಕೆ 340 ಕೆಜಿ, ನಡುವಿನ ಲೈನರ್ 136, ಫ್ಲೂಟ್ 1.4 ಪಟ್ಟು ಹಿಡಿದು ಎರಡಕ್ಕೆ 381. ಒಟ್ಟು 857 ಕೆಜಿ. ಸೆಟ್ಟಿಂಗ್ ವೇಸ್ಟ್ ಸೇರಿಸಿ 890 ಕೆಜಿ ತರಿಸಿ.

1.4 ಎಂಬುದು ರೂಢಿಯ ಅಂಕಿ. ನಿಮ್ಮ ಸಿಂಗಲ್ ಫೇಸರ್ ರೋಲಿನ ನಿಜವಾದ ಅಂಕಿ ಬೇರೆ ಇರಬಹುದು. 2 ಪ್ಲೈಯನ್ನು (ಒಂದು ಲೈನರಿಗೆ ಅಂಟಿದ ಒಂದು ಫ್ಲೂಟ್) ಸರಿಯಾಗಿ 1 ಮೀಟರ್ ಕತ್ತರಿಸಿ ನೀರಿನಲ್ಲಿ ನೆನೆಹಾಕಿ, ಅಂಟು ಬಿಟ್ಟ ಮೇಲೆ ಫ್ಲೂಟ್ ಪೇಪರನ್ನು ನೆಲದ ಮೇಲೆ ಹರವಿ, ಎಳೆಯದೆ ಅಳೆಯಿರಿ. ವರ್ಷದ ಹಿಂದೆ 138 ಸೆಂ.ಮೀ. ಬರುತ್ತಿದ್ದದ್ದು ಈಗ 134ಕ್ಕೆ ಇಳಿದಿದ್ದರೆ ಪೇಪರ್ ಉಳಿಯಿತು ಎಂದು ಖುಷಿಪಡಬೇಡಿ. ರೋಲಿನ ಹಲ್ಲು ಸವೆದು ಫ್ಲೂಟ್ ಕುಳ್ಳಾಗಿದೆ, ಬೋರ್ಡ್ ತೆಳುವಾಗಿದೆ ಎಂದರ್ಥ.

5. ರೀಲ್ ಬಂದ ದಿನ

ನಮ್ಮಲ್ಲಿ ಡಬ್ಬಕ್ಕೆ ಬರುವ ಕ್ರಾಫ್ಟ್ ಪೇಪರ್ ಬಹುಪಾಲು ಹಳೇ ರಟ್ಟನ್ನೇ ಅರೆದು ಮಾಡಿದ್ದು. ಒಂದೇ ಮಿಲ್ಲಿನ ಎರಡು ರೀಲ್ ಒಂದೇ ತರ ಇರುತ್ತದೆಂಬ ಭರವಸೆ ಇಲ್ಲ. ಮೇಲಿನ ಎರಡು ಸುತ್ತು ತೆಗೆದುಹಾಕಿ, ಒಳಗಿನ ಪೇಪರಿನಲ್ಲಿ 10 × 10 ಸೆಂ.ಮೀ. ತುಂಡು ಕತ್ತರಿಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿಡಿ. 1.50 ತೋರಿಸಿದರೆ 150 ಜಿಎಸ್‌ಎಂ. ಎಡ, ನಡು, ಬಲ, ಮೂರು ಕಡೆಯಿಂದಲೂ ತೆಗೆಯಿರಿ. ಅಂಚಿನಲ್ಲಿ 158, ನಡುವೆ 141 ಇರುವ ರೀಲ್ ಮೆಷಿನ್ನಿನ ಮೇಲೆ ಒಂದು ಕಡೆ ಸಡಿಲ ಓಡಿ ಸುಕ್ಕು ಕಟ್ಟುತ್ತದೆ.

ತೇವಾಂಶ ಅಳೆಯುವ ಮೀಟರ್ ಕೊಳ್ಳುವುದು ಖರ್ಚಲ್ಲ. 6ರಿಂದ 9 ಶೇಕಡಾ ಒಳ್ಳೆಯದು. 12 ಶೇಕಡಾ ಇರುವ 1000 ಕೆಜಿ ರೀಲಿನಲ್ಲಿ ಒಣ ಪೇಪರ್ 880 ಕೆಜಿ. ಅದೇ ಪೇಪರ್ 7 ಶೇಕಡಾದಲ್ಲಿ ಬಂದಿದ್ದರೆ 946 ಕೆಜಿ ತೂಗುತ್ತಿತ್ತು. 54 ಕೆಜಿ ನೀರಿಗೆ ಪೇಪರಿನ ದರ ಕೊಟ್ಟ ಹಾಗಾಯಿತು.

ನೀರು ಹೀರುವ ಪರೀಕ್ಷೆಯನ್ನು ಕಾಬ್ ಎನ್ನುತ್ತಾರೆ. 100 ಚದರ ಸೆಂ.ಮೀ. ರಿಂಗಿನಲ್ಲಿ ಪೇಪರ್ ಹಿಡಿದು 100 ಮಿ.ಲೀ. ನೀರು ಹಾಕಿ, ಗೊತ್ತಾದ ಸಮಯ ಬಿಟ್ಟು, ನೀರು ಚೆಲ್ಲಿ, ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ ತೂಕ ಮಾಡಿ. ಹೆಚ್ಚಾದ ಗ್ರಾಂ ಅನ್ನು 100ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ಗ್ರಾಂ ಹೀರಿತು ಎಂಬ ಅಂಕಿ. ಸಮಯ ಎಷ್ಟೆಂದು ಮಿಲ್ಲಿನವರ ಜೊತೆ ಮೊದಲೇ ಮಾತಾಡಿಕೊಳ್ಳಿ. 60 ಸೆಕೆಂಡಿನ ಅಂಕಿಯನ್ನು 2 ನಿಮಿಷದ ಅಂಕಿಯ ಪಕ್ಕ ಇಟ್ಟು ಜಗಳ ಆಡುವುದು ದಂಡ. ಬೆಲ್ಲದ ಡಬ್ಬದ ಹೊರ ಲೈನರಿಗೆ ಕಾಬ್ ಕಡಿಮೆ ಇರುವ ರೀಲ್ ಎತ್ತಿಡಿ.

6. ಗಮ್ ಕಾಯಿಸುವುದು

ಸಿಂಗಲ್ ಫೇಸರಿಗೆ ಬಳಸುವ ಸ್ಟೈನ್-ಹಾಲ್ ವಿಧಾನದಲ್ಲಿ ಪಿಷ್ಟದ ಸ್ವಲ್ಪ ಭಾಗವನ್ನು ಬೇಯಿಸಿ, ಹೆಚ್ಚು ಭಾಗವನ್ನು ಹಸಿಯಾಗಿಯೇ ಅದರಲ್ಲಿ ತೇಲಬಿಡುತ್ತಾರೆ. ಬೆಂದದ್ದು ಹಸಿ ಹಿಟ್ಟು ತಳಕ್ಕೆ ಕೂರದಂತೆ ಹಿಡಿದುಕೊಳ್ಳುತ್ತದೆ. ಹಸಿಯದು ಬಿಸಿ ರೋಲ್ ಮುಟ್ಟಿದ ಕ್ಷಣ ಅರಳಿ ಅಂಟಾಗುತ್ತದೆ.

50 ಕೆಜಿ ಮೆಕ್ಕೆಜೋಳದ ಪಿಷ್ಟಕ್ಕೆ: ಒಂದು ಡ್ರಮ್ಮಿನಲ್ಲಿ 80 ಲೀಟರ್ ನೀರು, 8 ಕೆಜಿ ಪಿಷ್ಟ, 60–65 ಡಿಗ್ರಿವರೆಗೆ ಬಿಸಿ. 1.1 ಕೆಜಿ ಕಾಸ್ಟಿಕ್ ಸೋಡಾವನ್ನು ಬೇರೆ 5 ಲೀಟರ್ ನೀರಿನಲ್ಲಿ ಕರಗಿಸಿ ನಿಧಾನ ಸುರಿದು 15 ನಿಮಿಷ ಕಲಕಿ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಗ್ಲೌಸ್ ಇಲ್ಲದವರನ್ನು ಈ ಕೆಲಸಕ್ಕೆ ಬಿಡಬೇಡಿ. ಇನ್ನೊಂದು ದೊಡ್ಡ ಡ್ರಮ್ಮಿನಲ್ಲಿ 120 ಲೀಟರ್ ನೀರು, 42 ಕೆಜಿ ಪಿಷ್ಟ, 1.1 ಕೆಜಿ ಬೋರಾಕ್ಸ್. ಮೊದಲ ಡ್ರಮ್ಮಿನದನ್ನು ಎರಡನೆಯದಕ್ಕೆ 20–30 ನಿಮಿಷ ಹಿಡಿದು, ಕಲಕುತ್ತಾ ಸಣ್ಣ ಧಾರೆಯಲ್ಲಿ ಬಿಡಿ. ಒಮ್ಮೆಲೇ ಸುರಿದರೆ ಆ ಬಿಸಿಗೆ ಹಸಿ ಹಿಟ್ಟೂ ಬೆಂದು ಗಂಜಿಯಾಗುತ್ತದೆ. ಕೊನೆಗೆ ಗಮ್ 40 ಡಿಗ್ರಿ ಮೀರಬಾರದು.

ಸ್ಟೈನ್-ಹಾಲ್ ಕಪ್ಪಿನಲ್ಲಿ ಬರೀ ನೀರು 15 ಸೆಕೆಂಡಿಗೆ ಇಳಿಯುತ್ತದೆ. ಗಮ್ 35–45 ಸೆಕೆಂಡ್ ತೆಗೆದುಕೊಂಡರೆ ಓಡಿಸಲು ಹದ. ಶಿಫ್ಟಿಗೆ ಮೂರು ಸಲ ನೋಡಿ ಬರೆದಿಡಿ. ಶೀಟ್ ಪೇಸ್ಟಿಂಗ್ ಮೆಷಿನ್ನಿನಲ್ಲಿ ಬಿಸಿ ಇಲ್ಲದ ಕಾರಣ ಈ ಗಮ್ ಅಲ್ಲಿ ಹಿಡಿಯದು. ಅದಕ್ಕೆ ತಣ್ಣೀರಲ್ಲೇ ಕಲಸುವ ರೆಡಿ ಪುಡಿ ಬೇರೆ, ಪ್ರಮಾಣ ಚೀಲದ ಮೇಲಿರುವಷ್ಟು. ಬೈಂಡಿಂಗ್ ಅಂಟಿಗೆ ಹಾಕಿದ ಹಾಗೆ ಹುಳಿಯದಿರಲಿ ಎಂದು ಮೈಲುತುತ್ತ ಹಾಕುವ ರೂಢಿ ಇದ್ದರೆ, ತಿನ್ನುವ ಪದಾರ್ಥದ ಡಬ್ಬಕ್ಕೆ ಅದು ಬೇಡ. ಆ ದಿನಕ್ಕೆ ಬೇಕಾದಷ್ಟೇ ಕಲಸಿ.

7. ಸಿಂಗಲ್ ಫೇಸರ್

ಇಡೀ ಕೆಲಸದ ಪ್ರಾಣ ಇಲ್ಲಿದೆ. ಫ್ಲೂಟ್ ರೋಲುಗಳು 160ರಿಂದ 180 ಡಿಗ್ರಿ ಮುಟ್ಟಿ, ಅಗಲದುದ್ದಕ್ಕೂ ಒಂದೇ ಬಿಸಿ ಬಂದ ಮೇಲೆ ಪೇಪರ್ ಹಾಕಿ. ಮೆಷಿನ್ ಶುರುಮಾಡಿದ ಕೂಡಲೇ ಓಡಿಸಿದ ಮೊದಲ ಐವತ್ತು ಮೀಟರ್ ರದ್ದಿಗೆ ಹೋಗುವುದು ಇದನ್ನು ಕಾಯದೇ ಇದ್ದುದಕ್ಕೆ. ಗಮ್ ರೋಲಿಗೂ ಹೆಚ್ಚಾದ ಗಮ್ ತೆಗೆಯುವ ಡಾಕ್ಟರ್ ರೋಲಿಗೂ ನಡುವೆ 0.20–0.25 ಮಿ.ಮೀ. ಸಂದು ಇಡಿ, ಫೀಲರ್ ಗೇಜಿನಲ್ಲಿ ಎರಡೂ ತುದಿ ನೋಡಿ.

ಗಮ್ ಸರಿಯಾಗಿ ಬೀಳುತ್ತಿದೆಯೇ ಎಂದು ತಿಳಿಯಲು ಟಿಂಕ್ಚರ್ ಅಯೋಡಿನ್ ಒಂದು ಬಾಟಲಿ ಸಾಕು. 2 ಪ್ಲೈ ತುಂಡೊಂದನ್ನು ನೆನೆಸಿ ಬಿಡಿಸಿ, ಲೈನರ್ ಮೇಲೆ ಹತ್ತಿಯಿಂದ ಅಯೋಡಿನ್ ಸವರಿ. ಪಿಷ್ಟ ಇರುವ ಕಡೆ ಕಡುನೀಲಿ ಗೆರೆಗಳು ಏಳುತ್ತವೆ, ರಾಗಿ ಹೊಲದಲ್ಲಿ ಕೂರಿಗೆ ಎಳೆದ ಸಾಲಿನ ಹಾಗೆ. ಸಾಲು ಎಲ್ಲೂ ಕಡಿಯದೆ, ಒಂದೇ ಅಗಲ ಇದ್ದರೆ ಸರಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ರೋಲಿನ ಸಂದು ಓರೆಯಾಗಿದೆ. ನಾಲ್ಕು ಸಾಲಿಗೊಮ್ಮೆ ಮಾಯವಾಗಿದ್ದರೆ ಫ್ಲೂಟುಗಳೇ ಒಂದು ಎತ್ತರ ಒಂದು ತಗ್ಗು ಬರುತ್ತಿವೆ: ಪೇಪರನ್ನು ರೋಲಿಗೆ ಒತ್ತಿ ಹಿಡಿಯುವ ಫಿಂಗರ್ ಸವೆದಿವೆ, ಇಲ್ಲವೇ ಪೇಪರ್ ಬಿಗಿ ಹೆಚ್ಚಾಗಿದೆ.

ಒಣಗಿದ ತುಂಡನ್ನು ಕೈಯಲ್ಲೇ ಕಿತ್ತು ನೋಡಿ. ಪೇಪರಿನ ನಾರು ಕಿತ್ತು ಬಂದರೆ ಅಂಟು ಗಟ್ಟಿ. ಬಿಳಿ ಪುಡಿ ಉದುರಿದರೆ ಪಿಷ್ಟ ಬೇಯಲಿಲ್ಲ. ವೇಗ ಇಳಿಸಿ ಅಥವಾ ಬಿಸಿ ಏರಿಸಿ. ಗಾಜಿನಂತೆ ಹೊಳೆಯುತ್ತಾ ಪಟ್ಟನೆ ಬಿಟ್ಟುಕೊಂಡರೆ ಬಿಸಿ ಅತಿಯಾಗಿದೆ. ಫ್ಲೂಟಿನ ತಲೆ ಸೀಳಿದ್ದರೆ ಪೇಪರ್ ತೀರಾ ಒಣಗಿದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ತಿಂಗಳ ಮಾಮೂಲು ತೊಂದರೆ ಇದು. ಹಬೆ ಹಾಯಿಸುವ ಸೌಕರ್ಯ ಇಲ್ಲದವರು ರೀಲನ್ನು ಬಿಸಿಲು ಬೀಳುವ ಶೆಡ್ಡಿನಲ್ಲಿಡದೆ, ಪ್ಲಾಸ್ಟಿಕ್ ಸುತ್ತಿ ನೆರಳಲ್ಲಿಡಬೇಕು.

8. ಪೇಸ್ಟಿಂಗ್, ಒಣಗಿಸುವುದು

2 ಪ್ಲೈ ಎರಡು, ಮೇಲಿನ ಲೈನರ್ ಒಂದು ಸೇರಿದರೆ ಐದು ಪ್ಲೈ. ಗಮ್ ರೋಲ್ ಫ್ಲೂಟಿನ ತುದಿಯನ್ನು ಮುಟ್ಟಬೇಕಷ್ಟೇ. ಅಂಟಲಿಲ್ಲ ಎಂದು ರೋಲ್ ಒತ್ತಡ ಹೆಚ್ಚಿಸುವುದು ಎಲ್ಲ ಘಟಕಗಳಲ್ಲೂ ಕಾಣುವ ದುರಭ್ಯಾಸ. ಫ್ಲೂಟ್ ಒಮ್ಮೆ ಜಜ್ಜಿದರೆ ನೋಡಲು ಮತ್ತೆ ಎದ್ದು ಕೂತರೂ ಶಕ್ತಿ ಮರಳಿ ಬರುವುದಿಲ್ಲ. ದಪ್ಪ ಅಳೆಯುವ ಗೇಜನ್ನು ಇಲ್ಲಿ ಕೈಯಲ್ಲೇ ಹಿಡಿದಿರಿ, 6.0 ಇದ್ದ ಬೋರ್ಡ್ 5.6 ತೋರಿಸಿದರೆ ಮೆಷಿನ್ ನಿಲ್ಲಿಸಿ.

ಅಂಟಿಸಿದ ಶೀಟುಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಸಮತಟ್ಟಾದ ಹಲಗೆ, ಹಗುರ ಭಾರ. ಬೇಸಿಗೆಯಲ್ಲಿ ಮರುದಿನ ಕ್ರೀಸಿಂಗ್‌ಗೆ, ಅಂದರೆ ಮಡಿಕೆ ಗೆರೆ ಹಾಕಲು, ತೆಗೆದುಕೊಳ್ಳಬಹುದು. ಮಳೆಗಾಲದಲ್ಲಿ ಎರಡು ದಿನ, ಜೊತೆಗೆ ಫ್ಯಾನು. ಬೋರ್ಡ್ ದೋಣಿಯ ಹಾಗೆ ಬಗ್ಗಿದರೆ ಯಾವ ಕಡೆಗೆ ಬಗ್ಗಿದೆ ನೋಡಿ: ಹೆಚ್ಚು ಒದ್ದೆಯಾಗಿದ್ದ ಪೇಪರ್ ಒಣಗುವಾಗ ಹೆಚ್ಚು ಕುಗ್ಗಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆ ಕಡೆ ಗಮ್ ಕಡಿಮೆ ಮಾಡಿ, ಇಲ್ಲವೇ ಎರಡೂ ಲೈನರ್ ಒಂದೇ ತೇವದಲ್ಲಿವೆಯೇ ನೋಡಿಕೊಳ್ಳಿ.

9. ಕ್ರೀಸಿಂಗ್, ಪ್ರಿಂಟಿಂಗ್, ಸ್ಲಾಟಿಂಗ್

ರೋಟರಿಯಲ್ಲಿ ಮೊದಲ ಸುತ್ತು ಅಂಚು ಕತ್ತರಿಸಿ, ನಡುವೆ ಸೀಳಿ, ಫ್ಲ್ಯಾಪ್ ಗೆರೆ ಹಾಕುತ್ತದೆ. ಎರಡನೇ ಸುತ್ತು ಪ್ಯಾನೆಲ್ ಗೆರೆ. ಗೆರೆ ಆಳವಾದರೆ ಲೈನರ್ ಸೀಳುತ್ತದೆ. ಮೇಲ್ಮೇಲೆ ಬಿದ್ದರೆ ರಟ್ಟು ತನಗೆ ಬೇಕಾದಲ್ಲಿ ಮಡಚಿಕೊಂಡು ಡಬ್ಬ ಸೊಟ್ಟಗಾಗುತ್ತದೆ. ಐದು ಶೀಟ್ ಆದ ಮೇಲೆ ಒಂದನ್ನು ಪೂರ್ತಿ ಹಿಂದಕ್ಕೆ ಮಡಚಿ ನೋಡುವುದೇ ಪರೀಕ್ಷೆ.

ಪ್ರಿಂಟಿಂಗ್ ಬಗ್ಗೆ ಒಂದೇ ಮಾತು. ಪ್ಲೇಟ್ ಮುತ್ತಿಟ್ಟ ಹಾಗೆ ತಾಗಬೇಕು. ಅಕ್ಷರ ಕಡುಗಪ್ಪು ಬರಲಿ ಎಂದು ಒತ್ತಿದಷ್ಟೂ ಫ್ಲೂಟ್ ಜಜ್ಜುತ್ತದೆ. ಡಬ್ಬದ ಸುತ್ತ ಅಡ್ಡಲಾಗಿ ದಪ್ಪ ಬಣ್ಣದ ಪಟ್ಟಿ ಕೇಳುವ ಗಿರಾಕಿಗೆ, ಅದು ಸರಿಯಾಗಿ ಡಬ್ಬ ಕುಸಿಯುವ ಜಾಗದಲ್ಲೇ ಬರುತ್ತದೆ ಎಂದು ತಿಳಿಸಿ ಹೇಳಿ.

ಸ್ಲಾಟ್ ಅಗಲ ಐದು ಪ್ಲೈಗೆ 8–10 ಮಿ.ಮೀ., ಆಳ ಫ್ಲ್ಯಾಪ್ ಗೆರೆಯವರೆಗೆ. ಗೆರೆ ದಾಟಿ 5 ಮಿ.ಮೀ. ಒಳಗೆ ಹೋದರೆ ಎರಡು ನಷ್ಟ. ಡಬ್ಬದ ಭಾರದಲ್ಲಿ ಸುಮಾರು ಮೂರನೇ ಎರಡು ಪಾಲು ಹೊರುವುದು ನಾಲ್ಕು ಮೂಲೆಗಳು; ಕೊಯ್ದದ್ದು ಅವನ್ನೇ. ಎರಡನೆಯದು, ಮುಚ್ಚಿದ ಮೇಲೂ ಮೂಲೆಯಲ್ಲಿ ಕಿಂಡಿ ಉಳಿಯುತ್ತದೆ. ಬೆಲ್ಲದ ಡಬ್ಬಕ್ಕೆ ಕಿಂಡಿ ಇದ್ದರೆ ಇರುವೆಗೆ ಆಮಂತ್ರಣ ಪತ್ರಿಕೆ ಬೇಕಿಲ್ಲ.

10. ಸ್ಟಿಚ್ಚಿಂಗ್

40 ಮಿ.ಮೀ. ಪಟ್ಟಿ ಒಳಗೆ ಬರುವಂತೆ ಮಡಿಸಿ, ಮೊದಲ ಪಿನ್ನು ತುದಿಯಿಂದ 20–25 ಮಿ.ಮೀ. ಒಳಗೆ, ಆಮೇಲೆ 50 ಮಿ.ಮೀ.ಗೆ ಒಂದರಂತೆ, ಓರೆಯಾಗಿ ಹೊಡೆಯಿರಿ. ನೆಟ್ಟಗೆ ಫ್ಲೂಟಿನ ಗುಂಟ ಹೊಡೆದ ಪಿನ್ನು ಎರಡು ಫ್ಲೂಟಿನ ನಡುವೆ ಸಿಕ್ಕಿ ಸುಲಭವಾಗಿ ಕಿತ್ತು ಬರುತ್ತದೆ. ಕಾಲು ಒಳಗೆ ಚಪ್ಪಟೆಯಾಗಿ ಮಡಚಿರಬೇಕು. ಎದ್ದು ನಿಂತ ಒಂದೇ ಪಿನ್ನು ಪ್ಯಾಕೆಟ್ ಸೀಳಿ ಡಬ್ಬದ ತುಂಬ ಪುಡಿ ಚೆಲ್ಲುತ್ತದೆ. ತಿನ್ನುವ ಪದಾರ್ಥಕ್ಕೆ ಪಿನ್ನೇ ಬೇಡ ಎನ್ನುವ ಗಿರಾಕಿಗಳಿಗೆ ಈ ಜೋಡಣೆಯನ್ನು ಅಂಟಿನಿಂದ ಮಾಡಿಕೊಡಿ. ಹೊಡೆದ ಮೇಲೆ ಜೋಡಣೆಯ ಸಂದು ಮೇಲೂ ಕೆಳಗೂ ಒಂದೇ ಇದೆಯೇ ನೋಡಿ. ಮೇಲೆ 4, ಕೆಳಗೆ 12 ಮಿ.ಮೀ. ಇರುವ ಡಬ್ಬ ಚೌಕ ನಿಲ್ಲುವುದಿಲ್ಲ, ಮುಚ್ಚಿದಾಗ ಫ್ಲ್ಯಾಪ್ ಒಂದರ ಮೇಲೊಂದು ಏರುತ್ತದೆ.

11. ಪರೀಕ್ಷೆ, ಕಟ್ಟು, ಅಟ್ಟಿ

ಡಬ್ಬಗಳಿಗೆ ಭಾರತೀಯ ಮಾನಕ ಐಎಸ್ 2771 ಇದೆ, ಪೇಪರ್ ಪರೀಕ್ಷೆಗಳಿಗೆ ಐಎಸ್ 1060. ಇಸಿಟಿ ಮತ್ತು ಕಂಪ್ರೆಷನ್ ಮೆಷಿನ್ ಇಲ್ಲದ ಘಟಕದವರು ಪ್ರತಿ ಹೊಸ ಪೇಪರ್ ಜೋಡಿಗೆ ಒಮ್ಮೆ ಹೊರಗಿನ ಲ್ಯಾಬಿಗೆ ಕಳಿಸಿ. ಪೂರ್ತಿ ಒಣಗಿದ, ಪ್ರಿಂಟ್ ಆದ, ಸ್ಟಿಚ್ ಆದ ಡಬ್ಬವನ್ನೇ ಕಳಿಸಬೇಕು; ಖಾಲಿ ಬೋರ್ಡಿನ ಅಂಕಿ ಚೆಂದ ಕಾಣುತ್ತದೆ, ಅಷ್ಟೇ. ಶೆಡ್ಡಿನಲ್ಲೇ ಮಾಡಬಹುದಾದ ಅಗ್ಗದ ಪರೀಕ್ಷೆಯೂ ಉಂಟು: ತುಂಬಿದ ಎಂಟು ಡಬ್ಬ ಅಟ್ಟಿ ಹಾಕಿ, ತಳದ ಡಬ್ಬದ ಎತ್ತರವನ್ನು ನಾಲ್ಕೂ ಮೂಲೆಯಲ್ಲಿ ಅಳೆದು ಪೆನ್ಸಿಲಿನಲ್ಲಿ ಅದರ ಮೇಲೇ ಬರೆಯಿರಿ. ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಗುತ್ತಿದ್ದರೆ ಮಾಲು ಕಳಿಸಬೇಡಿ.

ಗಿರಾಕಿಯ ಗೋದಾಮಿನವರಿಗೂ ಒಂದು ಚೀಟಿ ಕೊಡಿ. ಡಬ್ಬಗಳನ್ನು ಮೂಲೆಗೆ ಮೂಲೆ ಸೇರಿಸಿ ನೇರ ಕಂಬದಂತೆ ಇಡಬೇಕು. ಇಟ್ಟಿಗೆ ಕಟ್ಟಿದ ಹಾಗೆ ಅಡ್ಡ ಉದ್ದ ಇಟ್ಟರೆ ಅಟ್ಟಿ ಅಲ್ಲಾಡುವುದಿಲ್ಲ ನಿಜ, ಆದರೆ ಮೂಲೆಯ ಭಾರ ಕೆಳಗಿನ ಡಬ್ಬದ ನಡುಹೊಟ್ಟೆಯ ಮೇಲೆ ಬಿದ್ದು ಶಕ್ತಿ ಅರ್ಧದವರೆಗೂ ಇಳಿಯುತ್ತದೆ. ಅಲ್ಲಾಡುವ ಭಯ ಇದ್ದರೆ ಮೇಲಿನ ಒಂದೇ ಸಾಲನ್ನು ಅಡ್ಡ ಇಟ್ಟುಕೊಳ್ಳಲಿ. ಪ್ಯಾಲೆಟ್ಟಿನ ಹೊರಗೆ ಒಂದು ಇಂಚು ಚಾಚಿದರೂ ಆ ಬದಿಯ ಮೂಲೆಗಳು ಗಾಳಿಯಲ್ಲಿ ನಿಂತಂತೆ.

ಖಾಲಿ ಡಬ್ಬಗಳನ್ನು 20ರ ಕಟ್ಟು ಮಾಡಿ ಕಳಿಸುವಾಗ ಪ್ಲಾಸ್ಟಿಕ್ ಪಟ್ಟಿ ಬಿಗಿಯುವ ನಾಲ್ಕು ಕಡೆ ರದ್ದಿ ರಟ್ಟಿನ ತುಂಡು ಇಡಿ, ಇಲ್ಲದಿದ್ದರೆ ಮೇಲಿನ ಮತ್ತು ಕೆಳಗಿನ ಡಬ್ಬದ ಅಂಚು ಹೊರಡುವ ಮೊದಲೇ ಜಜ್ಜಿರುತ್ತದೆ. ಕಟ್ಟುಗಳು ಸಿಮೆಂಟ್ ನೆಲದ ಮೇಲೆ ಕೂರಬಾರದು, ಗೋಡೆಗೂ ತಾಗಬಾರದು. ಲಾರಿಗೆ ಏರಿಸುವ ಮುಂಚೆ ಲಾರಿಯ ತಳ ಒದ್ದೆ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಹಿಂದಿನ ಟ್ರಿಪ್ಪಿನಲ್ಲಿ ಅದು ಏನು ಹೊತ್ತಿತ್ತೋ ಡ್ರೈವರ್‌ಗಷ್ಟೇ ಗೊತ್ತು.